ಭೂಮಿಯ ಉತ್ತರ ತುದಿಯ ನೆಲ ಯಾವುದು?

"2021ರಲ್ಲಿ ಗ್ರೀನ್‌ಲ್ಯಾಂಡಿನ ಉತ್ತರಕ್ಕೆ ಹೊಸ ದ್ವೀಪ ಸಿಕ್ಕಿತಲ್ಲ, ಉತ್ತರದ ಕಟ್ಟಕಡೆಯ ನೆಲ ಈಗ ಅದೇ ತಾನೆ?" ಭೂಪಟದ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ಅದಲ್ಲ. ಆ ಸ್ಥಾನ ಇಂದಿಗೂ ಕಾಫೆಕ್ಲುಬ್ಬೆನ್ ದ್ವೀಪದ್ದು.

ಗ್ರೀನ್‌ಲ್ಯಾಂಡ್ ಮುಖ್ಯಭೂಮಿಯ ಉತ್ತರ ತುದಿ ಮಾರಿಸ್ ಜೆಸಪ್ ಭೂಶಿರ. ಕಾಫೆಕ್ಲುಬ್ಬೆನ್ ಇರುವುದು ಅದರ ಪೂರ್ವಕ್ಕೆ, ಸುಮಾರು 83°40′ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವಕ್ಕೆ ಸುಮಾರು 700 ಕಿ.ಮೀ. ದ್ವೀಪದ ಉದ್ದ ಒಂದು ಕಿ.ಮೀ. ಕೂಡ ಇಲ್ಲ, ಎತ್ತರ ಸುಮಾರು 30 ಮೀಟರ್. ಜನವಸತಿಯಿಲ್ಲ, ಆದರೂ ಪಾಚಿ, ಕಲ್ಲುಹೂವುಗಳ ನಡುವೆ ಸ್ಯಾಕ್ಸಿಫ್ರೇಜ್ ಎಂಬ ನೇರಳೆ ಬಣ್ಣದ ಹೂ ಅರಳುತ್ತದೆ. ಈ ದ್ವೀಪದ ಬಗ್ಗೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಅದೇ.

ಅಮೆರಿಕದ ಧ್ರುವ ಅನ್ವೇಷಕ ರಾಬರ್ಟ್ ಪಿಯರಿ 1900ರಲ್ಲೇ ಇದನ್ನು ಕಂಡಿದ್ದರು. 1921ರಲ್ಲಿ ಇಲ್ಲಿ ಕಾಲಿಟ್ಟ ಡ್ಯಾನಿಷ್ ಭೂವಿಜ್ಞಾನಿ ಲೌಗೆ ಕಾಕ್, ಕೋಪನ್‌ಹೇಗನ್‌ನ ಒಂದು ಕಾಫಿ ಕೂಟದ ಹೆಸರನ್ನು ಇದಕ್ಕೆ ಇಟ್ಟರು. ಭೂಶಿರಕ್ಕಿಂತ ಇದು ಸುಮಾರು 750 ಮೀಟರ್ ಉತ್ತರಕ್ಕಿದೆ ಎಂದು ತಿಳಿದದ್ದು 1969ರ ಅಳತೆಯಲ್ಲಿ. ಅಷ್ಟು ತಡವಾದದ್ದು ಸಹಜ: ಅಕ್ಷಾಂಶದ ಒಂದು ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು) ಎಂದರೆ ಸುಮಾರು 31 ಮೀಟರ್, ಹಾಗಾಗಿ ಇಲ್ಲಿನ ವ್ಯತ್ಯಾಸ ಬರೀ 24 ಸೆಕೆಂಡ್.

ಗೊಂದಲ ಶುರುವಾದದ್ದು 1978ರಲ್ಲಿ. ಇನ್ನೂ ಉತ್ತರಕ್ಕೆ ಜಲ್ಲಿಯ ಪುಟ್ಟ ದಿಬ್ಬವೊಂದು ಕಂಡಿತು, ಅದಕ್ಕೆ ಊದಾಕ್ ಎಂದು ಹೆಸರಾಯಿತು. ಆಮೇಲೆ ಅಂಥವು ಹಲವು ಕಂಡವು, ಕಾಣೆಯಾದವು. 2021ರಲ್ಲಿ ಸಂಶೋಧಕರು ಊದಾಕ್ ಎಂದುಕೊಂಡೇ ಇಳಿದ ಜಾಗ ಬೇರೆಯದೆಂದು ತಿಳಿದು, "ಹೊಸ ದ್ವೀಪ"ದ ಸುದ್ದಿ ಹಬ್ಬಿತು.

ಮೇಲೆ ಕಲ್ಲುಮಣ್ಣು ಇದ್ದ ಮಾತ್ರಕ್ಕೆ ಅದು ದ್ವೀಪವಾಗದು. ನೆಲ ಸಹಜವಾಗಿ ರೂಪುಗೊಂಡಿರಬೇಕು, ಭರತದ ಹೊತ್ತಿನಲ್ಲೂ ನೀರಿನ ಮೇಲಿರಬೇಕು. ನೋಡಬೇಕಾದ್ದು ಬುಡವನ್ನು. ನಿಜವಾದ ದ್ವೀಪವಾದರೆ ಹತ್ತಿರ ಹೋದಂತೆ ಕಡಲತಳ ಮೇಲೇರುತ್ತ ಬರಬೇಕು. 2022ರಲ್ಲಿ ಸ್ವಿಸ್ ಮತ್ತು ಡ್ಯಾನಿಷ್ ತಜ್ಞರು ಈ ಜಾಗಗಳಲ್ಲಿ ಆಳ ಅಳೆದಾಗ ಸಿಕ್ಕಿದ್ದು ಸುಮಾರು 26ರಿಂದ 47 ಮೀಟರ್ ನೀರು. ಅಂದರೆ ಇವು ಹಿಮನದಿಯಿಂದ ಕಳಚಿದ ಚಪ್ಪಟೆ ನೀರ್ಗಲ್ಲುಗಳು. ತಳಕ್ಕೆ ತಾಗಿ ನಿಂತಿವೆ, ಸುತ್ತಲಿನ ಕಡಲಹಿಮ ಕದಲದಂತೆ ಹಿಡಿದಿದೆ, ಹೊತ್ತು ತಂದ ಜಲ್ಲಿ ಮೇಲೆ ಹರಡಿಕೊಂಡಿದೆ. ಹಿಮ ಕರಗಿದರೆ ಅಥವಾ ಹಿಡಿತ ಸಡಿಲಿದರೆ "ದ್ವೀಪ"ವೂ ಹೋಯಿತು.

ಊದಾಕನ್ನು ತೋರಿಸುವ ಭೂಪಟಗಳು ಇನ್ನೂ ಸಿಗುತ್ತವೆ. ಮಕ್ಕಳಿಗೆ ಪಾಠ ಹೇಳುವವರು ಅದನ್ನು ಬಿಟ್ಟು ಕಾಫೆಕ್ಲುಬ್ಬೆನ್ ಎಂದೇ ಬರೆಸಬೇಕು.