ಕಾಗದ ಒದ್ದೆಯಾಗಿತ್ತಾ?

"ಏನಮ್ಮಾ, ಕಾಗದ ಒದ್ದೆಯಾಗಿತ್ತಾ?"

ಭಾನುವಾರ ಮೇಷ್ಟ್ರು ಕೇಳಿದ ಮಾತು ಇದು. ಇವತ್ತು ಶುಕ್ರವಾರ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ದನಿ ಕಿವಿಯಲ್ಲಿ. ಗದರಿದ್ದಲ್ಲ, ಹಂಗಿಸಿದ್ದೂ ಅಲ್ಲ. ಮಳೆಯಲ್ಲಿ ನೆನೆದು ಬಂದ ಮಗುವಿನ ತಲೆ ಮುಟ್ಟಿ ನೋಡಿ ಕೇಳುತ್ತಾರಲ್ಲ, ಹಾಗೆ ಕೇಳಿದರು.

ಅವರ ಎಪ್ಪತ್ತರ ಭೀಮರಥ ಶಾಂತಿ ಅವತ್ತು. ಮೇಷ್ಟ್ರು ನಮ್ಮ ಬೀದಿಯ ಕೊನೆ ಮನೆಯವರು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾನು ಆರು ವರ್ಷದಿಂದ ಕೈಯಲ್ಲೇ ಶುಭಾಶಯದ ಕಾರ್ಡು ಮಾಡಿ ಮಾರುತ್ತೇನೆ. ಅದರಲ್ಲೂ ಉಬ್ಬಚ್ಚಿನ ಕಾರ್ಡು. ಕೊಳ್ಳಲು ಬಂದವರಿಗೆಲ್ಲ ನಾನು ಹೇಳುವ ಮಾತು ಒಂದೇ: "ಕೈಯಾಡಿಸಿ ನೋಡಿ." ಹಾಗಾಗಿ ಮೇಷ್ಟ್ರಿಗೆ ಏನು ಕೊಡಲಿ ಅಂತ ಯೋಚಿಸಲೇ ಇಲ್ಲ. ಬಣ್ಣ ಕಾಣದಿದ್ದರೇನು, ಉಬ್ಬು ಬೆರಳಿಗೆ ಸಿಗುತ್ತದಲ್ಲ, ಅಂದುಕೊಂಡೆ.

ಮನಸ್ಸಿಟ್ಟು ಮಾಡಿದ್ದೆ. 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಬಿಳಿ ಹಾಳೆ. ಅದರ ತುಂಬ ಬಳ್ಳಿ. ಈ ಬಳ್ಳಿಗೆ ಎಂಬಾಸಿಂಗ್ ಫೋಲ್ಡರ್ ಬಳಸುತ್ತೇನೆ. ಪುಸ್ತಕದ ಹಾಗೆ ಮಡಚುವ ಗಟ್ಟಿ ಪ್ಲಾಸ್ಟಿಕ್ ಅದು. ಒಂದು ಬದಿಯಲ್ಲಿ ಉಬ್ಬು, ಇನ್ನೊಂದು ಬದಿಯಲ್ಲಿ ಅದಕ್ಕೆ ಸರಿಯಾಗಿ ತಗ್ಗು. ನಡುವೆ ಕಾಗದ ಇಟ್ಟು ರೋಲರ್ ಮೆಷಿನ್ನಿಗೆ ಕೊಟ್ಟು ಹಿಡಿ ತಿರುಗಿಸಿದರೆ ಬಳ್ಳಿ ಎದ್ದು ಬರುತ್ತದೆ. ಕೆಳಗೆ ಒಂದು ಮಾವಿನಕಾಯಿ. ಅದು ಕೈಕೆಲಸ. ಆಕಾರ ಕೊರೆದ ಹಿತ್ತಾಳೆಯ ಸ್ಟೆನ್ಸಿಲ್ಲನ್ನು ಗಾಜಿನ ಮೇಲೆ ಅಂಟಿಸಿ, ಗಾಜಿನ ಕೆಳಗೆ ದೀಪ ಇಟ್ಟು, ಕಾಗದವನ್ನು ಮಗುಚಿ ಹಾಕಿ, ಹಿಂದಿನಿಂದ ಒತ್ತುವುದು. ಮೊದಲು ಕಾಗದದ ಬೆನ್ನಿಗೆ ಮೇಣದ ಬತ್ತಿ ಉಜ್ಜಬೇಕು, ಆಗ ಒತ್ತುವ ಗುಂಡು ತಲೆಯ ಕಡ್ಡಿ, ಅಂದರೆ ಸ್ಟೈಲಸ್, ಜಾರಿಕೊಂಡು ಹೋಗುತ್ತದೆ. ಒಳಗೆಲ್ಲ ಉಜ್ಜುವ ಅಗತ್ಯವಿಲ್ಲ. ಅಂಚಿನ ಗುಂಟ ಒತ್ತಿದರೆ ಸಾಕು.

ಮೇಲೆ "ಶುಭಾಶಯಗಳು" ಅಂತ ಚಿನ್ನದ ಅಕ್ಷರ. ನಿಧಾನವಾಗಿ ಒಣಗುವ ಇಂಕಿನಲ್ಲಿ ರಬ್ಬರ್ ಸ್ಟಾಂಪ್ ಒತ್ತಿ, ಮೇಲೆ ಎಂಬಾಸಿಂಗ್ ಪೌಡರ್ ಉದುರಿಸಿ, ಮಿಕ್ಕಿದ್ದನ್ನು ಕೊಡವಿ, ತುಂಬ ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿಯುವುದು. ಹೇರ್ ಡ್ರೈಯರ್ ಸಾಲದು. ಅದರ ಗಾಳಿಗೆ ಪುಡಿಯೇ ಹಾರಿಹೋಗುತ್ತದೆ, ಕರಗುವಷ್ಟು ಬಿಸಿಯೂ ಬರುವುದಿಲ್ಲ. ಮಂಕಾಗಿದ್ದ ಪುಡಿ ಕರಗಿ ಒಮ್ಮೆಲೇ ಮಿಂಚುವ ಆ ಗಳಿಗೆ ಇದೆಯಲ್ಲ, ಆರು ವರ್ಷವಾದರೂ ನನಗೆ ಅದು ಹಳತಾಗಿಲ್ಲ.

ಕಾರ್ಡು ಕೊಟ್ಟೆ. ಮೇಷ್ಟ್ರು ಎರಡೂ ತೋರುಬೆರಳು ಇಟ್ಟು ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸಿದರು. ಇನ್ನೊಮ್ಮೆ ಸರಿಸಿದರು. ಚಿನ್ನದ ಅಕ್ಷರದ ಮೇಲೆ ಬಂದಾಗ ಬೆರಳು ನಿಲ್ಲಲೇ ಇಲ್ಲ, ಹಾಗೇ ಜಾರಿತು. ಆಮೇಲೆ ಮುಖ ಎತ್ತಿ ಕೇಳಿದರು.

"ಏನಮ್ಮಾ, ಕಾಗದ ಒದ್ದೆಯಾಗಿತ್ತಾ?"

ನನಗೆ ಬಾಯಿ ಬರಲಿಲ್ಲ. ಪಕ್ಕದಲ್ಲಿದ್ದ ಅವರ ಸಂಬಂಧಿಕರೊಬ್ಬರು ಕಾರ್ಡು ಕಿತ್ತುಕೊಂಡಂತೆ ತೆಗೆದುಕೊಂಡು, "ಅಯ್ಯೋ ಡಿಸೈನು ಅದು! ಎಷ್ಟು ಚೆನ್ನಾಗಿದೆ! ನಿಮಗೆ ಕಾಣಲ್ಲ ಅಷ್ಟೇ!" ಅಂತ ಕೂಗಿದರು. ಕಣ್ಣು ಕಾಣದವರಿಗೆ ಕಿವಿಯೂ ಕೇಳದು ಅನ್ನೋ ಹಾಗೆ ಕೂಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಅವತ್ತು ಆಕೆ ನನ್ನ ಪರ ಮಾತಾಡಿದ್ದರು, ಆದರೂ ಸಿಟ್ಟು ಬಂತು. ಮೇಷ್ಟ್ರ ಹೆಂಡತಿ ಮಾತ್ರ ಏನೂ ಅನ್ನದೆ ಕಾರ್ಡನ್ನು ವಾಪಸ್ ಇಸಿದುಕೊಂಡು ಅವರ ಕೈಗೇ ಇಟ್ಟರು. ಆ ತಾಯಿಯ ಬಗ್ಗೆ ನನಗೆ ತುಂಬಾ ಗೌರವ.

ಮನೆಗೆ ಬಂದು ಅತ್ತುಬಿಟ್ಟೆ. ಅಷ್ಟು ಕೆಲಸ ಮಾಡಿದ್ದು ಸುಕ್ಕು ಕಾಗದ ಅನ್ನಿಸಿತಲ್ಲ ಅವರಿಗೆ, ಅಂತ.

ಸೋಮವಾರ ರಾತ್ರಿ ಬೇರೆ ಆರ್ಡರಿಗೆ ಕೂತೆ. ಫೋಲ್ಡರಿನಲ್ಲಿ ಇಡುವ ಮುಂಚೆ ಅಭ್ಯಾಸದಂತೆ ಕೈ ಸ್ಪ್ರೇ ಬಾಟಲಿಗೆ ಹೋಯಿತು. ಅಲ್ಲೇ ನಿಂತೆ. ಹೌದಲ್ಲ! ದಪ್ಪ ಕಾಗದ ಆಳವಾದ ಉಬ್ಬಿಗೆ ಬಿರುಕು ಬಿಡುತ್ತದೆ. ಅದಕ್ಕೇ ಸ್ವಲ್ಪ ನೀರು ಚಿಮುಕಿಸುತ್ತೇವೆ, ನಾರು ಮೆತ್ತಗಾಗಿ ಹಿಗ್ಗಲಿ ಅಂತ. ಮೇಷ್ಟ್ರ ಕಾರ್ಡಿಗೂ ಚಿಮುಕಿಸಿದ್ದೆ. ಸ್ವಲ್ಪ ಜಾಸ್ತಿಯೇ. ಒಮ್ಮೆ ನೀರು ಕುಡಿದ ಕಾಗದ ಒಣಗಿದ ಮೇಲೂ ಮೊದಲಿನ ನುಣುಪಿಗೆ ಬರುವುದಿಲ್ಲ. ಕಾಗದ ಒದ್ದೆಯಾಗಿತ್ತು. ಅವರು ಇದ್ದದ್ದನ್ನೇ ಓದಿದ್ದರು.

ಆರು ವರ್ಷದಲ್ಲಿ ಎಷ್ಟು ಜನ "ವಾವ್" ಅಂದಿದ್ದಾರೋ ಲೆಕ್ಕವಿಲ್ಲ. ಅವರಲ್ಲಿ ಒಬ್ಬರಿಗಾದರೂ ಗೊತ್ತಾಗಿತ್ತಾ ಇದು? ನನಗೇ ಗೊತ್ತಾಗಿರಲಿಲ್ಲ. ಉಬ್ಬು ಸರಿಯಾಗಿ ಬಂತಾ ಅಂತ ನೋಡಲು ನಾನು ಮಾಡುತ್ತಿದ್ದದ್ದು ಏನು? ಕಾರ್ಡನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿಯುವುದು. ನೆರಳು ಚೆನ್ನಾಗಿ ಬಿದ್ದರೆ ಕೆಲಸ ಚೆನ್ನಾಗಿದೆ ಅಂತ. ಬೇರೆಯವರಿಗೆ ಕೈಯಾಡಿಸಿ ಅನ್ನುತ್ತಿದ್ದೆ, ನಾನು ಮಾತ್ರ ಯಾವತ್ತೂ ಕಣ್ಣಲ್ಲೇ ನೋಡಿದ್ದು. ಅವತ್ತು ರಾತ್ರಿ ಅದೇ ಫೋಲ್ಡರಿನಲ್ಲಿ ಒತ್ತಿದ ಇನ್ನೊಂದು ಬಳ್ಳಿಯ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟೆ. ಗೀರುಗಳ ಮಧ್ಯೆ ಒಂದು ಮಿಲಿಮೀಟರ್ ಕೂಡ ಜಾಗ ಇರಲಿಲ್ಲ. ಎಲೆ ಯಾವುದು, ಕುಡಿ ಯಾವುದು, ಏನೂ ತಿಳಿಯಲಿಲ್ಲ. ನಿಜವಾಗಿ ಸುಕ್ಕೇ ಅದು.

ಬುಧವಾರ ಹೋಗಿ ಹೇಳಿದೆ. "ಮೇಷ್ಟ್ರೇ, ಕಾಗದ ಒದ್ದೆಯಾಗಿತ್ತು."

"ಮತ್ತೆ? ಅದನ್ನೇ ಅಲ್ವಾ ನಾನು ಕೇಳಿದ್ದು," ಅಂದರು. ಕಾಫಿ ಬಂತು. ಮಾತು ಬೆಳೆಯಿತು.

1780ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ವಾಲಾಂತೀನ್ ಆಯುಯಿ ಅಂಧ ಮಕ್ಕಳಿಗೆ ಶಾಲೆ ತೆರೆದದ್ದನ್ನು ಹೇಳಿದರು. ಆತ ದಪ್ಪ ಕಾಗದವನ್ನು ಒದ್ದೆ ಮಾಡಿ, ಅಚ್ಚಿನ ಮೇಲೆ ಒತ್ತಿ, ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಪುಸ್ತಕ ಮಾಡಿದನಂತೆ. "ಒಳ್ಳೆಯವನಮ್ಮಾ. ಆದರೆ ಕಣ್ಣಿಗೆ ಚೆಂದ ಕಾಣೋ ಅಕ್ಷರಾನೇ ಬೆರಳಿಗೂ ಕೊಟ್ಟ. ಒಂದೊಂದು ಅಕ್ಷರ ತಡವಿ ತಡವಿ ಓದೋ ಹೊತ್ತಿಗೆ ಸಾಕಾಗೋದು." ಅದೇ ಶಾಲೆಗೆ ಆಮೇಲೆ ಸೇರಿದ ಹುಡುಗ ಲೂಯಿ ಬ್ರೈಲ್. 1809ರಲ್ಲಿ ಹುಟ್ಟಿದವನು. ಮೂರನೇ ವಯಸ್ಸಿನಲ್ಲಿ ಅಪ್ಪನ ಅಂಗಡಿಯಲ್ಲಿ ಚರ್ಮಕ್ಕೆ ತೂತು ಹಾಕುವ ದಬ್ಬಳದಂಥ ಮೊನೆ ಕಣ್ಣಿಗೆ ತಾಗಿ ದೃಷ್ಟಿ ಹೋಯಿತು. 15ನೇ ವಯಸ್ಸಿಗೆ ಆರು ಚುಕ್ಕೆಗಳ ಲಿಪಿ ಮಾಡಿದ. ಅದನ್ನು ಬರೆಯುವುದೂ ಅಂಥದ್ದೇ ಒಂದು ಮೊನೆಯಿಂದ.

ಮೇಷ್ಟ್ರು ಒಳಗೆ ಹೋಗಿ ತಮ್ಮ ಬ್ರೈಲ್ ಸ್ಲೇಟು ತಂದರು. ಮರದ ಹಲಗೆ, ಅದರ ಮೇಲೆ ಸಣ್ಣ ಸಣ್ಣ ಕಿಂಡಿಗಳ ಲೋಹದ ಪಟ್ಟಿ. ಕಾಗದ ಸಿಕ್ಕಿಸಿ ಸ್ಟೈಲಸ್ಸಿನಿಂದ ಟಪ್ ಟಪ್ ಅಂತ ಒತ್ತಿದರು. ಬಲದಿಂದ ಎಡಕ್ಕೆ. ಕಾಗದ ಮಗುಚಿದಾಗ ಚುಕ್ಕೆಗಳು ಎದ್ದಿದ್ದವು, ಈಗ ಎಡದಿಂದ ಬಲಕ್ಕೆ ಓದುವಂತೆ. ಮೈ ಜುಂ ಅಂದಿತು. ಹಿಂದಿನಿಂದ ಒತ್ತುವುದು, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಯೋಚಿಸುವುದು, ಕಾಗದ ತೂತಾಗದ ಹಾಗೆ ಕೈ ತಡೆಯುವುದು. ಇದು ನನ್ನದೇ ಕೆಲಸ. ಬೀದಿಯ ಎರಡು ತುದಿಯಲ್ಲಿ ಕೂತು ಇಬ್ಬರೂ ಇಷ್ಟು ವರ್ಷ ಅದನ್ನೇ ಮಾಡಿದ್ದೇವೆ.

ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್, ಎತ್ತರ ಸುಮಾರು ಅರ್ಧ ಮಿಲಿಮೀಟರ್. ಇಷ್ಟು ಜಾಗ ಬೆರಳಿಗೆ ಬೇಕೇ ಬೇಕು ಅಂದರು. ಅವರು ಬರೆದು ಕೊಟ್ಟ ಪದ "ಕಮಲ". ಆರು ಚುಕ್ಕೆ ಎರಡು ಸಾಲಿನಲ್ಲಿ: ಎಡಗಡೆ ಮೇಲಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಕ ಅಂದರೆ 1 ಮತ್ತು 3ನೇ ಚುಕ್ಕೆ. ಮ ಅಂದರೆ 1, 3, 4. ಲ ಅಂದರೆ 1, 2, 3. ಓದುವಾಗ ಎಡಗಡೆ ಮೇಲಿರುವ 1ನೇ ಚುಕ್ಕೆ, ಬರೆಯುವಾಗ ಬಲಗಡೆ ಮೇಲೆ ಬರುತ್ತದೆ.

ಹೊರಡುವಾಗ ಕೇಳಿದೆ, "ಮೇಷ್ಟ್ರೇ, ಆ ಕಾರ್ಡು ಕೊಡಿ, ಬೇರೆ ಮಾಡಿಕೊಡ್ತೀನಿ."

"ಕೊಟ್ಟಿದ್ದನ್ನ ಯಾರಾದರೂ ವಾಪಸ್ ಕೇಳ್ತಾರೇನಮ್ಮಾ? ಬೇರೆ ಮಾಡು, ಅದನ್ನೂ ಇಟ್ಕೋತೀನಿ."

ಸ್ಲೇಟು ನನ್ನ ಕೈಗೇ ಕೊಟ್ಟು ಕಳಿಸಿದರು. ಬುಧವಾರ ರಾತ್ರಿ, ನಿನ್ನೆ ರಾತ್ರಿ ಕೂತು ಹನ್ನೊಂದು ಹಾಳೆ ಒತ್ತಿದ್ದೇನೆ. ನೀರು ಮುಟ್ಟಿಸಿಲ್ಲ. ಇವತ್ತು ಬೆಳಿಗ್ಗೆ ಕೊನೆಯ ಹಾಳೆ ತೆಗೆದುಕೊಂಡು ಹೋದೆ. ಆ ಹಳೇ ಕಾರ್ಡು ಅವರ ರೇಡಿಯೊ ಪಕ್ಕದಲ್ಲಿ ನಿಂತಿತ್ತು. ಮೇಷ್ಟ್ರು ಹಾಳೆಯ ಮೇಲೆ ಬೆರಳು ಸರಿಸಿದರು. ನಾನು ಉಸಿರು ಹಿಡಿದು ನಿಂತೆ.

"ಕ ಸರಿಯಾಗಿದೆ. ಲ ಚೆನ್ನಾಗಿದೆ. ಮ ಅಕ್ಷರದಲ್ಲಿ ಒಂದು ಚುಕ್ಕೆ ಮಲಗಿಬಿಟ್ಟಿದೆ ನೋಡು, ನಾಲ್ಕನೇದು."