ಖಾಲಿ ಮನೆಯಲ್ಲಿ ಒಂದು ಸುತ್ತು

ಇವತ್ತು ಬಾಡಿಗೆ ಮನೆ ಖಾಲಿ ಮಾಡಿದೆವು. ಲಾರಿ ಬರುವ ಮೊದಲು ಅಮ್ಮ ಉಪ್ಪಿಟ್ಟಿನ ಬಾಣಲೆ ತೊಳೆದು, ಸಿಂಕನ್ನೂ ಉಜ್ಜಿದರು. "ಮುಂದೆ ಬರೋರಿಗೆ ಎಂಜಲು ಬಿಟ್ಟು ಹೋಗಬಾರದು ಕಣೋ" ಅಂದರು.

ನನಗೆ ತಟ್ಟನೆ ಫ್ರೋಡೋ ನೆನಪಾದ.

1954ರಲ್ಲಿ ಬಂದ ಟಾಲ್ಕಿನ್‌ರ 'ದಿ ಫೆಲೋಶಿಪ್ ಆಫ್ ದಿ ರಿಂಗ್'. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನೋ ದೊಡ್ಡ ಕಥೆಯ ಮೊದಲ ಸಂಪುಟ. ಫ್ರೋಡೋ ಅದರ ನಾಯಕ. ಅಪಾಯದ ಮಾಯಾ ಉಂಗುರ ಕೈಗೆ ಬಂದಾಗ ಅವನಿಗೆ 33, ಮನೆ ಬಿಡುವಾಗ 50. ನಡುವಿನ 17 ವರ್ಷ ಸಿನಿಮಾದಲ್ಲಿ ಗೊತ್ತೇ ಆಗುವುದಿಲ್ಲ. ಪುಸ್ತಕದಲ್ಲಿ, ಹೋಗಲೇಬೇಕು ಅಂತ ತಿಳಿದ ಮೇಲೂ ಅವನಿಗೆ ಹೊರಡಲು ಮನಸ್ಸು ಬರುವುದಿಲ್ಲ. ನನಗೆ ಇಷ್ಟವಾಗೋದೇ ಅದು. ಅವನೂ ಜೊತೆಗಾರರೂ ಕೊನೆಯ ಊಟ ಮುಗಿಸಿ, ಪಾತ್ರೆಗಳನ್ನು ತೊಳೆಯದೆ, ಮನೆ ಕೊಂಡ ಸಂಬಂಧಿ ಲೊಬೀಲಿಯಾಗೆ ಬಿಡುತ್ತಾರೆ. (ಆ ಮನೆ ಮೇಲೆ ಅವಳಿಗೆ ಎಷ್ಟು ವರ್ಷದಿಂದ ಕಣ್ಣು!) ಆಮೇಲೆ ಅವನು ಸುಮ್ನೆ ಕೋಣೆಯಿಂದ ಕೋಣೆಗೆ ಓಡಾಡುತ್ತಾನೆ. ಗೋಡೆ ಮೇಲಿನ ಸಂಜೆ ಬಿಸಿಲು ಮಾಸುವುದನ್ನು ನೋಡುತ್ತಾನೆ.

ಯುದ್ಧಗಳಿಗಿಂತ ಈ ಪುಟವೇ ನನ್ನಲ್ಲಿ ಜಾಸ್ತಿ ಉಳಿದಿದೆ.

ಬೀಗ ಹಾಕುವ ಮೊದಲು ನಾನೂ ಒಂದು ಸುತ್ತು ಬಂದೆ. ಕ್ಯಾಲೆಂಡರ್ ಇದ್ದ ಜಾಗದಲ್ಲಿ ಮಾತ್ರ ಗೋಡೆ ಇನ್ನೂ ಹೊಸದಾಗಿತ್ತು.

ಪುಸ್ತಕ ಯಾವ ರಟ್ಟಿನ ಡಬ್ಬದಲ್ಲಿದೆಯೋ. ರಾತ್ರಿ ಹುಡುಕಬೇಕು.