ಪಾಚಿಗೆ ಕೊಡೆ ಎಲ್ಲಿಂದ?

ಮಧ್ಯಾಹ್ನ ಇಳಿತದ ಹೊತ್ತು. ಕಾರವಾರದ ಕಡಲಂಚಿನ ಬಂಡೆಗಳೆಲ್ಲ ಬರಿಮೈ.
ಮೇಲೆ ತೆಳ್ಳಗಿನ ಹಸಿರು ಪಾಚಿ, ನೆತ್ತಿ ಸುಡುವ ಬಿಸಿಲಲ್ಲಿ.
ನಾನು ಕೊಡೆ ಬಿಡಿಸಿದೆ. ಪಾಚಿ ಎಲ್ಲಿಗೆ ಹೋಗಬೇಕು?

ಬಿಸಿಲೇ ಅದರ ಅನ್ನ, ನಿಜ. ಆದರೆ ಉಂಡು ಮುಗಿಸಲಾಗದಷ್ಟು ಬಡಿಸಿದರೆ?
ಬಳಕೆಯಾಗದೆ ಉಳಿದ ಬೆಳಕಿನ ಶಕ್ತಿ ಆಮ್ಲಜನಕಕ್ಕೆ ದಾಟಿದರೆ, ಆ ಆಮ್ಲಜನಕವೇ ದ್ಯುತಿಸಂಶ್ಲೇಷಣೆಯ ವ್ಯವಸ್ಥೆಯನ್ನು ಹಾಳುಮಾಡುತ್ತದೆ.
ಅದಕ್ಕೇ ಪಾಚಿ, ಗಿಡಗಳು ಹೆಚ್ಚಾದದ್ದನ್ನು ಶಾಖವಾಗಿ ಹೊರಗೆ ಬಿಡುತ್ತವೆ.
ಗಿಡಗಳಲ್ಲಿ, ಹಲವು ಹಸಿರು ಪಾಚಿಗಳಲ್ಲೂ, ವಯೊಲಾಜ್ಯಾಂಥಿನ್ ಎಂಬ ಹಳದಿ ವರ್ಣದ್ರವ್ಯ ಕೆಲವೇ ನಿಮಿಷಗಳಲ್ಲಿ ಝಿಯಾಜ್ಯಾಂಥಿನ್ ಆಗಿ ಈ ಕೆಲಸಕ್ಕೆ ನೆರವಾಗುತ್ತದೆ.
ನಿಮಿಷಗಳಲ್ಲಿ! ಕಣ್ಣೆದುರೇ ನಡೆಯುತ್ತಿದ್ದರೂ ನಮಗೆ ಕಾಣುವುದು ಬರೀ ಹಸಿರು.

ಮೋಡ ಬಂದರೆ ಮತ್ತೆ ಮೊದಲಿನಂತೆ, ಆದರೆ ನಿಧಾನ. ಆ ನಿಧಾನದಲ್ಲಿ ಒಳ್ಳೆಯ ಬೆಳಕೂ ಪೋಲು.
2016ರಲ್ಲಿ ವಿಜ್ಞಾನಿಗಳು ತಂಬಾಕು ಗಿಡದಲ್ಲಿ ಈ ಮರಳುವಿಕೆಯನ್ನು ಚುರುಕುಗೊಳಿಸಿದರು. ಹೊಲದಲ್ಲಿ ಗಿಡದ ಒಣತೂಕ ಸುಮಾರು ಶೇ 15ರಷ್ಟು ಹೆಚ್ಚಿತು.

ಮಳೆಗಾಲದಲ್ಲಿ ಗಳಿಗೆಗೊಮ್ಮೆ ಬಿಸಿಲು, ಗಳಿಗೆಗೊಮ್ಮೆ ಮೋಡ ಕಾಣುವ ನಮ್ಮ ಅಂಕೋಲಾ ಕಡೆಯ ಭತ್ತಕ್ಕೆ ಹೀಗೊಂದು ದಾರಿ ಸಿಕ್ಕರೆ ಎಷ್ಟು ಚೆನ್ನ ಅಂತ ಆಗಿನಿಂದ ಯೋಚಿಸ್ತಾ ಇದ್ದೇನೆ.